ಮಂದಿ ಸಾಮಾನು

ಬೀದಿ ಬಾಗಿಲನ್ನು ಬಿಟ್ಟರೆ, ಸಿಂಧನೂರಿನ ನಮ್ಮ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲುಗಳು ಎರಡೇ. ಒಂದು ಬಚ್ಚಲಿನದು. ಇನ್ನೊಂದು ಹಿತ್ತಲಿಗೆ ಅಂಟಿಕೊಂಡ ಸಣ್ಣ ಖೋಲಿಯದು. ಬಚ್ಚಲಲ್ಲಿ ಎಷ್ಟು ಹೊತ್ತು ಕೂರಲು ಸಾಧ್ಯ? ನನಗೆ ಆ ಖೋಲಿ ಬೇಕಾಗಿತ್ತು. ಅದು ಅವ್ವನ ವಶದಲ್ಲಿತ್ತು. ಅದಕ್ಕಾಗಿ ಎರಡು ವರ್ಷ ನಮ್ಮಿಬ್ಬರ ನಡುವೆ ನಡೆದದ್ದನ್ನು ಜಗಳ ಎಂದರೆ ಕಡಿಮೆಯಾದೀತು. ಜಗಳ ಮುಗಿಯುತ್ತದೆ.

ಹತ್ತನೆಯ ತರಗತಿಯ ನಂತರ ನಾನು ಮನೆಯಲ್ಲಿ ಇದ್ದವಳಲ್ಲ. ಕಲಬುರಗಿಯಲ್ಲಿ ಎಂ.ಎ. ಮುಗಿಸುವವರೆಗೂ ಹಾಸ್ಟೆಲುಗಳು, ಒಂದೊಂದು ಕೋಣೆಯಲ್ಲಿ ನಾಲ್ವರು, ಕೆಲವೊಮ್ಮೆ ಆರು ಜನ. ಬಟ್ಟೆ ಬದಲಿಸುವಾಗ ಗೋಡೆಗೆ ಮುಖ ಮಾಡಿ ನಿಲ್ಲುವುದು, ಓದಿದ ಪತ್ರವನ್ನು ದಿಂಬಿನ ಚೀಲದೊಳಗೆ ತುರುಕುವುದು, ಇವೆಲ್ಲ ನನಗೆ ಅಭ್ಯಾಸವಾಗಿದ್ದವು. ಊರಿಗೆ ಮರಳಿ, ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ ನನ್ನ ಆಸೆ ಒಂದೇ: ಒಂದು ಮೇಜು, ಒಂದು ಮಂಚ, ಮುಚ್ಚಿದರೆ ಮುಚ್ಚಿಕೊಳ್ಳುವ ಒಂದು ಬಾಗಿಲು. ಸಿಕ್ಕಿದ್ದು ನಡುಮನೆಯ ಮೂಲೆ. ಅಲ್ಲಿ ಅಪ್ಪನ ಟೀವಿ ಇತ್ತು. ಅಕ್ಕಿ ಗಿರಣಿಯ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ಅವನು ಮಾಡುವ ಒಂದೇ ಕೆಲಸ ಅದನ್ನು ನೋಡುವುದು. ಅವ್ವನನ್ನು ಕಾಣಲು ಬಂದ ಹೆಂಗಸರು ನನ್ನ ಪುಸ್ತಕಗಳನ್ನು ಅತ್ತ ಸರಿಸಿ ಕೂರುತ್ತಿದ್ದರು. ನಾನು ಮರುದಿನದ ಪಾಠಕ್ಕೆ ಟಿಪ್ಪಣಿ ಬರೆಯುತ್ತಿದ್ದರೆ ಅವ್ವ ಅದರ ಮೇಲೇ ಹೀರೇಕಾಯಿ ತಟ್ಟೆ ಇಡುತ್ತಿದ್ದಳು.

ಖೋಲಿಯೊಳಗೆ ಏನಿತ್ತು ಎಂದರೆ, ಏನಿರಲಿಲ್ಲ ಎಂದು ಹೇಳುವುದೇ ಸುಲಭ. ನಾನು ಸಣ್ಣವಳಿದ್ದಾಗ ನಾವು ತುರ್ವಿಹಾಳ ಬಿಟ್ಟು ಸಿಂಧನೂರಿಗೆ ಬಂದೆವು. ಬರುವಾಗ ಅವ್ವ ಎರಡು ಟ್ರ್ಯಾಕ್ಟರ್ ಸಾಮಾನು ತಂದಳು. ಅದರಲ್ಲಿ ಒಂದು ಟ್ರ್ಯಾಕ್ಟರಿನದು ಆ ಖೋಲಿ ಸೇರಿತು, ಮತ್ತೆ ಹೊರಬರಲಿಲ್ಲ. ಬೀಸುವ ಕಲ್ಲು. ಒಳ್ಳು, ಅದಕ್ಕೆ ಮೂರು ಒನಕೆ, ಮೂರರಲ್ಲಿ ಒಂದಕ್ಕೆ ಕಬ್ಬಿಣದ ಬಳೆ ಇಲ್ಲ. ಪಿನ್ನು ಕಳೆದ ಸೀಮೆಎಣ್ಣೆ ಸ್ಟೋವು. ಗಾಜಿಲ್ಲದ ಕಂದೀಲುಗಳು. ಬುಡ ಒಡೆದ ಮೊರಗಳು, ಇವುಗಳಲ್ಲಿ ಈಗ ಕಾಳು ಕೇರಿದರೆ ಕಾಳೂ ಉಳಿಯುವುದಿಲ್ಲ, ಹೊಟ್ಟೂ ಉಳಿಯುವುದಿಲ್ಲ. ಇವುಗಳ ನಡುವೆ ಇಲಿಗಳ ಒಂದು ವಂಶ.

“ಈ ಸ್ಟೋವ್ ಯಾಕಬೇ ಇಟ್ಟೀ? ಸೀಮೆಎಣ್ಣೀನೇ ಸಿಗಂಗಿಲ್ಲ ಈಗ.”

“ಗ್ಯಾಸ್ ತೀರಿದ ದಿನ ನಿನ್ನ ಪುಸ್ತಕ ಹಚ್ಚಿ ಚಾ ಮಾಡ್ತೀಯೇನು?”

“ಎರಡು ಸಿಲಿಂಡರ್ ಅದಾವ.”

“ನಿನ್ನ ಹಳೇ ನೋಟ್ಸು ಎಷ್ಟು ಟ್ರಂಕು ಅದಾವ, ಅದನ್ನ ಹೇಳು ಮೊದ್ಲ. ಪಾಸಾಗಿ ಎಷ್ಟು ವರ್ಷ ಆತು? ಅವನ್ಯಾಕ ಇಟ್ಟೀ?”

ನನ್ನ ನೋಟ್ಸು ಒಂದೇ ಟ್ರಂಕು. ಆದರೆ ಅವ್ವನ ಬಾಯಲ್ಲಿ ಅದು ಯಾವಾಗಲೂ ಬಹುವಚನ.

ಒಂದು ಭಾನುವಾರ ನಾನು ಕೇಳದೆಯೇ ಬಿದಿರಿನ ಒಂದು ಹರಿದ ಮೊರವನ್ನು ಕಸದ ಗಾಡಿಗೆ ಹಾಕಿದೆ. ಗಾಡಿ ಓಣಿ ದಾಟುವುದರೊಳಗೆ ಅವ್ವ ಸೆರಗು ಸಿಕ್ಕಿಸಿಕೊಂಡು ಓಡಿಹೋಗಿ ಅದನ್ನು ಹಿಂದಕ್ಕೆ ತಂದಳು. ಅಂಗಳದಲ್ಲಿ ನಿಂತು, ಎದುರು ಮನೆಯವರಿಗೂ ಕೇಳುವಂತೆ ಕೂಗಿದಳು:

“ಎಲ್ಲಾ ನನ್ನವ ಅಂತ ತಿಳ್ಕೊಂಡೀಯೇನು? ಅರ್ಧಕ್ಕರ್ಧ ಮಂದಿ ಸಾಮಾನು ಅದಾವ. ನನ್ನವಿದ್ರ ನಾಳೇನ ಬಿಸಾಕ್ತಿದ್ದೆ. ಮಂದಿ ಸಾಮಾನು ಹ್ಯಾಂಗ ಬಿಸಾಕಲಿ?”

“ಮಂದೀವು ಯಾವ್ಯಾವು? ಹೇಳು, ಬರಕೊಂತೀನಿ.”

ಬರೆದುಕೊಳ್ಳುತ್ತೇನೆ ಎಂದದ್ದು ಅವಳಿಗೆ ಸವಾಲಿನಂತೆ ಕೇಳಿಸಿತು. ಒಂದೊಂದಾಗಿ ಹೇಳಿದಳು. ಒಂಬತ್ತು ಆದವು. ಐದು ತುರ್ವಿಹಾಳದ ಹಳೆಯ ನೆರೆಮನೆಯವು. ಎರಡರ ಒಡತಿಯರು ತೀರಿಕೊಂಡಿದ್ದರು. ಒಂದು ಶಾವಿಗೆ ಮಣೆ, ಲಿಂಗಸುಗೂರಿನ ನನ್ನ ಸೋದರತ್ತೆಯದು. ಕೊನೆಯದು ಹಿತ್ತಾಳೆಯ ಒಂದು ದೊಡ್ಡ ಕಡಾಯಿ. ಮಸ್ಕಿಯಲ್ಲಿರುವ ಅವ್ವನ ತಂಗಿ, ಅಂದರೆ ನನ್ನ ಚಿಗವ್ವನದು. ನನ್ನನ್ನು ತೊಟ್ಟಿಲಿಗೆ ಹಾಕುವ ದಿನ ಅಡುಗೆಗೆಂದು ಬಂದ ಕಡಾಯಿ. ನನ್ನಷ್ಟೇ ವಯಸ್ಸು ಅದಕ್ಕೆ ನಮ್ಮ ಮನೆಯಲ್ಲಿ.

“ಇವಿಷ್ಟು ಹೋದ್ರ?” ಎಂದೆ.

“ಮಂದೀವು ಮಂದಿಗೆ ಮುಟ್ಟಿಸು. ನನ್ನ ನಾಕು ಸಾಮಾನು ನಾ ಮಾಳಿಗಿ ಮ್ಯಾಲ ಒಯ್ಕೊಂತೀನಿ. ಖೋಲಿ ತಗೋ. ಒಳಗ ಕುಂತು ಚಿಲಕ ಹಾಕ್ಕೊಂಡು ಏನ್ ಮಾಡ್ತೀಯೋ ಮಾಡು.”

ಅಪ್ಪ ಟೀವಿಯ ಧ್ವನಿ ತಗ್ಗಿಸಿ, “ಬ್ಯಾಡ ಬಿಡ್ರಿ ಇಬ್ರೂ,” ಎಂದ. ಇಬ್ಬರೂ ಅವನ ಕಡೆ ನೋಡಲಿಲ್ಲ. ನಾನು ಮಾತಿಗೆ ಮಾತು ಹಿಡಿಯುವವಳು ಎಂದು ಅವ್ವನಿಗೆ ಗೊತ್ತಿತ್ತು, ಆದರೂ ಆಡಿಬಿಟ್ಟಳು. ನಾನು ಒಂಬತ್ತು ಸಾಮಾನು ಹೊತ್ತು ತಿರುಗಲಾರೆ ಎಂದು ಅವಳ ಲೆಕ್ಕ ಇದ್ದಿರಬೇಕು.

ತುರ್ವಿಹಾಳ ಸುಲಭವಾಗಿ ಮುಗಿಯಿತು. ಎರಡು ಚೀಲದಲ್ಲಿ ಐದು ಸಾಮಾನು: ರೊಟ್ಟಿಯ ಹಂಚು, ಕಡಗೋಲು, ಕುಡುಗೋಲು, ಹಿಡಿ ಸಡಿಲವಾದ ಕೊಡಲಿ, ಹಿತ್ತಾಳೆಯ ಪಟ್ಟಿ ಬಡಿದ ಒಂದು ಮರದ ಸೇರು. ನೆರೆಮನೆಯ ಅಜ್ಜಿ ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಸೇರನ್ನು ಕೈಗೆ ತೆಗೆದುಕೊಂಡು, ಅದರೊಳಗೆ ಇಣುಕಿ ನೋಡಿ, ಬಾಯಿ ತುಂಬ ನಕ್ಕಳು.

“ಬರೇದ ತಂದೀಯೇನಬೇ, ಕಾಲೇಜ ಮೇಡಮ್ಮ?”

“ತೊಳದೀನಜ್ಜಿ, ಸ್ವಚ್ಛ ಐತಿ.”

ಅವಳು ಇನ್ನಷ್ಟು ನಕ್ಕಳು. ಕೊಡಲಿಯನ್ನು ಕಟ್ಟಿಗೆಯ ರಾಶಿಯ ಮೇಲೆ ಎಸೆದು ನನಗೆ ಮಜ್ಜಿಗೆ ಕೊಟ್ಟಳು. ಹಲ್ಲಿಲ್ಲದವರು ಎಲ್ಲದಕ್ಕೂ ನಗುತ್ತಾರೆ ಎಂದುಕೊಂಡು ಬಸ್ಸು ಹತ್ತಿದೆ. ಪಟ್ಟಿಯಲ್ಲಿ ಐದು ಗೆರೆ ಹೊಡೆದೆ. ಒಡತಿಯರು ಸತ್ತ ಎರಡನ್ನೂ ಅವ್ವನ ಜಿಮ್ಮಾಕ್ಕೆ ಬಿಟ್ಟೆ. ಉಳಿದವು ಎರಡು.

ಶಾವಿಗೆ ಮಣೆ ಎಂದರೆ ನಾಲ್ಕೈದು ಅಡಿ ಉದ್ದದ ಹಲಗೆ. ಅದರ ಒಂದು ಭಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳು. ಬೇಸಿಗೆಯಲ್ಲಿ ಅದನ್ನು ಓರೆಯಾಗಿ ಆನಿಸಿಟ್ಟು, ಒಬ್ಬಳು ಮೇಲೆ ಕೂತು ಹದವಾದ ಹಿಟ್ಟನ್ನು ಅಂಗೈಯಿಂದ ಹೊಸೆದರೆ ಕೆಳಗೆ ಎಳೆ ಇಳಿಯುತ್ತದೆ, ಇನ್ನೊಬ್ಬಳು ಅದನ್ನು ಹಿಡಿದು ಕೋಲಿನ ಮೇಲೆ ಒಣಹಾಕುತ್ತಾಳೆ. ಈಗ ರವೆ ಒಯ್ದು ಕೊಟ್ಟರೆ ಮಷೀನಿನವನು ಅರ್ಧ ಗಂಟೆಯಲ್ಲಿ ಶಾವಿಗೆ ಮಾಡಿಕೊಡುತ್ತಾನೆ. ಆದರೆ ಅತ್ತೆ ಆ ಮಣೆಯ ವಿಷಯ ಬಿಟ್ಟಿರಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ, ಯಾವ ಮದುವೆ, ಯಾವ ಬಸುರಿಯ ಕುಬುಸಕ್ಕೆ ಹೋದರೂ, ನಾಲ್ಕು ಜನ ಕೂಡಿದಲ್ಲಿ ಅವಳು ಅವ್ವನನ್ನು ಗುರುತಿಸುತ್ತಿದ್ದದ್ದು ಹೀಗೆ: “ಇಕಿ ನೋಡ್ರಿ, ನನ್ನ ಮಣಿ ನುಂಗಿದಾಕಿ.” ಅವ್ವ ಪ್ರತಿಸಲ ಹಲ್ಲು ಕಚ್ಚಿಕೊಂಡು ಮನೆಗೆ ಬರುತ್ತಿದ್ದಳು. ಬಂದು ಮಣೆಯನ್ನು ಖೋಲಿಯಲ್ಲಿ ಇನ್ನಷ್ಟು ಒಳಗೆ ತಳ್ಳುತ್ತಿದ್ದಳು.

ಹಲಗೆ ಎತ್ತಿಕೊಂಡು ಬಸ್ಸು ಹತ್ತಿದಾಗ ಕಂಡಕ್ಟರ್ ನನ್ನನ್ನೂ ಅದನ್ನೂ ನೋಡಿದ.

“ಮೇಡಂ, ಇದಕ್ಕೂ ಸೀಟು ಬೇಕೇನ್ರಿ?”

“ನಿಲ್ಲತೈತ್ರಿ.”

“ನಿಲ್ಲಲಿ, ನಿಲ್ಲಲಿ. ಲಿಂಗಸುಗೂರಿನಾಗ ಯಾರರ ಶಾವಿಗಿ ಹೊಸ್ಯಾವ್ರು ಇನ್ನ ಅದಾರ ಅನ್ರಿ.”

ಅತ್ತೆಯ ಮನೆ ಬಸ್ ನಿಲ್ದಾಣದ ಹಿಂದೆ. ಅವಳು ಜಗುಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ನಾನು ಮಣೆಯನ್ನು ಗೋಡೆಗೆ ಆನಿಸಿ ನಿಲ್ಲಿಸಿದೆ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಜಂಬವಾಗಿತ್ತು. ಇಪ್ಪತ್ತು ವರ್ಷದ ತಗಾದೆಯನ್ನು ನಾನೊಬ್ಬಳೇ ಹೊತ್ತು ತಂದು ಇಳಿಸಿದ್ದೆ.

ಅತ್ತೆ ಎದ್ದು ಬಂದು ಅದರ ಸುತ್ತ ಒಮ್ಮೆ ತಿರುಗಿದಳು. “ಇದು ನಮ್ಮದಲ್ಲ,” ಎಂದಳು.

“ನಿಮ್ಮದ ಅತ್ತಿ. ಹಿಂದ ನೋಡ್ರಿ, ಸೀಳಿದಲ್ಲಿ ಮಾಮಾ ಬಡಿದ ಪಟ್ಟಿ ಐತಿ.”

“ಪಟ್ಟಿ ಯಾರ್ ಬೇಕಾದ್ರೂ ಬಡಿತಾರ. ನಮ್ಮ ಮಣಿ ಸಾಗವಾನಿದು. ಇಂಥಾ ಜಾಲಿ ಕಟಗಿದಲ್ಲ. ಹಿಂಗ ಕೈಯಾಡಿಸಿದ್ರ ಕನ್ನಡಿ ಆಗಿತ್ತು ನಮ್ಮದು.”

“ಅತ್ತಿ, ಅವ್ವನ ಹತ್ರ ಇರೂದು ಇದೊಂದ.”

“ಹೌದೇನು? ಹಂಗಾರ ಸಾಗವಾನಿದು ಎಲ್ಲಿ ಹೋತು? ಅಸಲಿ ಇಟ್ಕೊಂಡು ನಕಲಿ ಕಳಿಸ್ಯಾಳ ನಿಮ್ಮವ್ವ. ಓದಿದ ಮಗಳ ಕೈಯಾಗ ಕೊಟ್ರ ನಾ ಸುಮ್ಮನ ಇಸ್ಕೊಂತೀನಿ ಅಂದ್ಕೊಂಡಾಳೇನು? ಒಯ್ಯಿ ಇದನ್ನ. ಹೋಗಿ ಹೇಳು ಆಕಿಗೆ, ನಾ ಇನ್ನ ಸತ್ತಿಲ್ಲ ಅಂತ.”

ನಾನು ವಾದಿಸಿದೆ. ಪಟ್ಟಿಯ ಮೊಳೆಗಳನ್ನು ತೋರಿಸಿದೆ, ಅವಳ ಮಗಳೇ ಸಣ್ಣವಳಿದ್ದಾಗ ಕೊರೆದ ಗೆರೆಗಳನ್ನು ತೋರಿಸಿದೆ. ಅತ್ತೆ ಸೊಪ್ಪಿನ ಕಡ್ಡಿ ಮುರಿಯುತ್ತ ಕೂತಳು. ಹೇಳಿ ಹೇಳಿ ಅವಳ ಮಣೆ ಜಾಲಿಯಿಂದ ಸಾಗವಾನಿಯಾಗಿ ಬೆಳೆದಿತ್ತು. ಅದನ್ನು ಕಡಿದು ಈ ಕೊಳಕು ಹಲಗೆಯನ್ನು ತೆಗೆದುಕೊಳ್ಳಲು ಅವಳೇನು ಹುಚ್ಚಿಯೆ? ಸಂಜೆಯ ಬಸ್ಸಿಗೆ ಅದೇ ಕಂಡಕ್ಟರ್ ಇದ್ದ.

“ಯಾಕ್ರೀ ಮೇಡಂ, ಇದು ಇಳೀಲಿಲ್ಲೇನ್ರಿ ಲಿಂಗಸುಗೂರಾಗ?”

ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಅವ್ವ ಅಂದು ನಕ್ಕಷ್ಟು ನಕ್ಕದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ. “ಸಾಗವಾನಿದಂತೇನು? ಮುಂದಿನ ಸಲ ಹೋಗು, ಶ್ರೀಗಂಧದ್ದು ಅಂತಾಳ!” ಕಣ್ಣೊರೆಸಿಕೊಂಡು, ಅದೇ ಉಸಿರಿನಲ್ಲಿ, “ಒಂಬತ್ತು ಮುಟ್ಟಲಿಲ್ಲಲ್ಲ. ಖೋಲಿ ಇಲ್ಲ,” ಎಂದಳು.

“ಆಕಿ ಬ್ಯಾಡಂದ ಮ್ಯಾಲ ಅದು ಮಂದಿದಲ್ಲ. ಕಡಾಯಿ ಒಂದ ಉಳದೈತಿ.”

“ಕಡಾಯಿ ಮುಟ್ಟಬ್ಯಾಡ,” ಎಂದಳು. ನಗು ನಿಂತಿತ್ತು. “ಅದಕ್ಕ ಹೊತ್ತು ಬರ್ತೈತಿ. ನಾನ ಒಯ್ತೀನಿ.”

ಇದನ್ನು ನಾನು ಅವಳ ಹಳೆಯ ಆಟ ಎಂದುಕೊಂಡೆ. ಮಾತು ಕೊಟ್ಟು, ಮಾತಿಗೊಂದು ಬಾಲ ಅಂಟಿಸುವ ಆಟ. ಎರಡು ವಾರದ ನಂತರ ಅವ್ವ ಪಾಮನಕಲ್ಲೂರಿಗೆ, ತನ್ನ ತವರಿಗೆ, ಎರಡು ದಿನಕ್ಕೆಂದು ಹೋದಳು. ಅವಳ ಬಸ್ಸು ಹೋದ ಮೇಲೆ ನಾನು ಕಡಾಯಿಯನ್ನು ಹೊರಗೆ ಎಳೆದೆ. ಎರಡೂ ಕೈ ಚಾಚಿದರೆ ಮಾತ್ರ ಅದರ ಕಿವಿಗಳು ಎಟುಕುತ್ತಿದ್ದವು. ಹುಣಸೆಹಣ್ಣು ಹಾಕಿ ಮಧ್ಯಾಹ್ನದವರೆಗೆ ಉಜ್ಜಿದೆ. ಕಲಾಯಿ ಹಾಕುವವನ ಬಳಿಗೆ ಆಟೋದಲ್ಲಿ ಒಯ್ದೆ. ಆತ ಕೆಂಡ ಊದುತ್ತ ಕೇಳಿದ:

“ಇಷ್ಟು ದೊಡ್ಡದಕ್ಕ ಈಗ ಯಾರೂ ಕಲಾಯಿ ಹಾಕ್ಸಂಗಿಲ್ರಿ. ಮನ್ಯಾಗ ಶಾದಿ ಐತೇನ್ರಿ?”

“ಇಲ್ಲ, ವಾಪಸ್ ಕೊಡಾಕ.”

“ವಾಪಸ್?” ಎಂದು ಆತ ನನ್ನ ಮುಖ ನೋಡಿದ. ಮತ್ತೆ ಕೆಂಡ ಊದತೊಡಗಿದ. ಕಡಾಯಿಯ ಒಳಮೈ ಬೆಳ್ಳಿಯಂತೆ ಹೊಳೆಯಿತು. ಒಂದು ಕಾಳು ಧೂಳೂ ಇರಲಿಲ್ಲ ಅದರಲ್ಲಿ.

ಮಸ್ಕಿಯಲ್ಲಿ ಚಿಗವ್ವನ ಮನೆ ಗುಡ್ಡದ ಕಡೆಯ ಓಣಿಯಲ್ಲಿದೆ. ಅವಳ ಮಗಳ ಲಗ್ನ ಗೊತ್ತಾಗಿ, ಎರಡು ತಿಂಗಳಿತ್ತು. ಲಗ್ನಕ್ಕೆ ಕಡಾಯಿ ಬೇಕೇ ಬೇಕು, ಸರಿಯಾದ ಹೊತ್ತಿಗೆ ತಂದೆ ಎಂದು ಅವಳು ಸಂತೋಷಪಡುತ್ತಾಳೆ ಎಂದೇ ನಾನು ನಂಬಿದ್ದೆ.

“ಬಾರಬೇ, ಬಾ, ಹಾದಿ ತಪ್ಪಿ ಬಂದೀಯೇನು?” ಎನ್ನುತ್ತ ಬಂದವಳು ಆಟೋದಿಂದ ಇಳಿದ ಕಡಾಯಿ ಕಂಡು ನಿಂತಳು. ಹತ್ತಿರ ಬಂದಳು. ಬಗ್ಗಿ, ಒಳಗೆ ಕೈ ಇಟ್ಟು, ತಳವನ್ನು ಒಂದು ಸುತ್ತು ಸವರಿದಳು.

“ಒಳಗ ಏನಿಲ್ಲ?”

“ಕಲಾಯಿ ಹಾಕ್ಸೀನಿ ಚಿಗವ್ವ. ಹೊಸದರಂಗ ಆಗೈತಿ.”

“ನಾ ಅದನ್ನ ಕೇಳಲಿಲ್ಲ. ಒಳಗ ಏನಿಲ್ಲ?”

“ಇಲ್ಲ. ಏನಿರಬೇಕಿತ್ತು?”

ಚಿಗವ್ವನ ಮುಖ ಬಿಗಿಯಿತು. “ಬೆಳಗಿ, ತೊಳದು, ಖಾಲಿ ಮಾಡಿ ತಂದೀ. ಲಗ್ನ ಮುಂದಿಟ್ಕೊಂಡು ಕುಂತ ಮನಿಗೆ. ನಿಮ್ಮವ್ವ ಹೇಳಿ ಕಳಿಸ್ಯಾಳೇನು?”

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ನನಗೆ ಎಲ್ಲವನ್ನೂ ಸ್ಪಷ್ಟವಾಗಿ ಹೇಳುವ ರೋಗ. “ಅವ್ವಗ ಗೊತ್ತಿಲ್ಲ. ನಾನ ತಂದೀನಿ. ನಮಗ ಇದು ಬ್ಯಾಡ ಚಿಗವ್ವ, ನಮ್ಮನ್ಯಾಗ ಇದಕ್ಕ ಜಾಗ ಇಲ್ಲ.”

“ಜಾಗ ಇಲ್ಲ,” ಎಂದು ಅವಳು ನಿಧಾನವಾಗಿ ನನ್ನ ಮಾತನ್ನೇ ಹೇಳಿದಳು. “ಚಲೋ ಆತು.”

ಇಸಿದುಕೊಂಡ ಪಾತ್ರೆಯನ್ನು ನಮ್ಮ ಕಡೆ ಬರಿದಾಗಿ ಮರಳಿಸುವುದಿಲ್ಲ. ಒಂದು ಹಿಡಿ ಜೋಳವೋ ಒಂದು ತುಂಡು ಬೆಲ್ಲವೋ ಹಾಕಿ ಕೊಡುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಪಲ್ಯದ ಬಟ್ಟಲಿಗೆ ಮಾತ್ರ ಅನ್ವಯಿಸುವ ಅಡುಗೆಮನೆಯ ಮರ್ಯಾದೆ ಎಂದುಕೊಂಡಿದ್ದೆ. ಶುಭಕಾರ್ಯ ಗೊತ್ತಾದ ಮನೆಗೆ ದೊಡ್ಡ ಪಾತ್ರೆಯನ್ನು ಬೆಳಗಿ ಬರಿದಾಗಿ ತಂದಿಡುವುದಕ್ಕೆ ಒಂದೇ ಅರ್ಥ: ಇನ್ನು ನಿಮ್ಮಿಂದ ತೆಗೆದುಕೊಳ್ಳುವುದೂ ಇಲ್ಲ, ನಿಮಗೆ ಕೊಡುವುದೂ ಇಲ್ಲ. ಅಣ್ಣತಮ್ಮಂದಿರು ಹಗೆಯಿಂದ ಬೇರೆಯಾದಾಗ ಹೀಗೆ ಮಾಡುತ್ತಾರಂತೆ. ತುರ್ವಿಹಾಳದ ಅಜ್ಜಿ ನಕ್ಕದ್ದು ಯಾಕೆ ಎಂದು ಆಗ ತಿಳಿಯಿತು. ಆ ಅಜ್ಜಿಗೆ ನಾನು ಪರಕೀಯಳು, ಹಾಗಾಗಿ ನಗಬಹುದಿತ್ತು. ಚಿಗವ್ವನಿಗೆ ನಗು ಬರುವಂತಿರಲಿಲ್ಲ.

ಅವಳು ಒಳಗೆ ಹೋದಳು. ಒಂದು ಈಳಿಗೆ ತಂದು ನನ್ನ ಕಾಲ ಬಳಿ ಇಟ್ಟಳು. “ನಿಮ್ಮದು.” ಹಿತ್ತಾಳೆ ತಂಬಿಗೆ. “ನಿಮ್ಮದು.” ಅವ್ವ ಹೊಲಿದ ಒಂದು ಕೌದಿ, ಅದರಲ್ಲಿ ನನ್ನ ಶಾಲೆಯ ಸಮವಸ್ತ್ರದ ತುಂಡುಗಳಿದ್ದವು. “ಇದೂ ನಿಮ್ಮದು. ನಮ್ಮನ್ಯಾಗೂ ಜಾಗ ಇಲ್ಲ.” ಕೊನೆಗೆ ಅಟ್ಟ ಹತ್ತಿ, ಕೆಳಗೆ ನಿಂತ ಮಗಳಿಗೆ ಒಂದೊಂದೇ ತುಂಡು ಕೊಡುತ್ತ ಬಂದಳು. ಬಣ್ಣದ ಕಾಲುಗಳು, ಕಂಬಿಗಳು, ಒಂದು ಮರದ ಗಿಳಿ. ನನ್ನ ತೊಟ್ಟಿಲು. ನನ್ನ ನಂತರ ಅದರಲ್ಲಿ ಅವಳ ಮಗಳು ಮಲಗಿದ್ದಳು. ಮುಂದೆ ಆ ಮಗಳ ಕೂಸು ಮಲಗಬೇಕಾಗಿತ್ತು.

“ಅವ್ವಾ, ಅದೊಂದ್ ಇರ್ಲಿ,” ಎಂದಳು ಮದುಮಗಳು.

“ನೀ ಸುಮ್ನಿರು. ಒಯ್ಯಿ ಬೇ, ಇದನ್ನೂ ಒಯ್ಯಿ. ನಾವೂ ಖಾಲಿ ಮಾಡ್ತೀವಿ.”

ಒಂದು ಕಡಾಯಿ ಕೊಡಲು ಹೋದವಳು ಗೂಡ್ಸ್ ಆಟೋ ತುಂಬ ಸಾಮಾನು ಹೇರಿಕೊಂಡು ಸಿಂಧನೂರಿಗೆ ಬಂದೆ.

ಮರುದಿನ ಅವ್ವ ಪಾಮನಕಲ್ಲೂರಿನಿಂದ ಒಂದು ಚೀಲ ಜೋಳ ಹೊತ್ತು ಬಂದಳು. ನಡುಮನೆಯಲ್ಲಿ ತೊಟ್ಟಿಲಿನ ಕಂಬಿಗಳನ್ನು ಕಂಡಳು. ಖೋಲಿಗೆ ಹೋಗಿ ಕಡಾಯಿ ಇದ್ದ ಜಾಗ ನೋಡಿ ಬಂದಳು. ಕೂಗುತ್ತಾಳೆ ಎಂದು ನಾನು ಉತ್ತರಗಳನ್ನು ಸಿದ್ಧಮಾಡಿಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು.

“ಏನು ಹಾಕಿ ಒಯ್ದಿದ್ದಿ?”

“ಏನೂ ಇಲ್ಲ.”

ಜೋಳದ ಚೀಲದ ಮೇಲೆ ಕೈ ಇಟ್ಟು ಅವಳು ಕೂತುಬಿಟ್ಟಳು. ಆ ಜೋಳ ಯಾಕೆ ತಂದಿದ್ದಳು ಎಂದು ಅಪ್ಪ ಆಮೇಲೆ ಹೇಳಿದ. ಇಬ್ಬರೂ ಅಕ್ಕತಂಗಿಯರ ತವರಿನ ಜೋಳ. ಲಗ್ನದ ಹಿಂದಿನ ವಾರ ಕಡಾಯಿಯ ತುಂಬ ಅದನ್ನು ತುಂಬಿ, ಮೇಲೆ ಕುಬುಸದ ಕಣ, ತೆಂಗಿನಕಾಯಿ ಇಟ್ಟು, ತಂಗಿಯ ಮನೆಗೆ ಒಯ್ಯುವವಳಿದ್ದಳು.

“ನನಗ ಹೇಳಬೇಕಿತ್ತಲ್ಲ,” ಎಂದೆ ಅಪ್ಪನಿಗೆ.

“ನಿನಗ ಏನ್ ಹೇಳಿದ್ರೂ ಬರಕೊಂತೀಯವ್ವ,” ಎಂದು ಅವನು ಟೀವಿಯ ಕಡೆ ತಿರುಗಿದ.

ಆ ವಾರ ಒಂದು ಸಂಜೆ ಕಾಲೇಜಿನಿಂದ ಬಂದರೆ ಖೋಲಿ ಬರಿದಾಗಿತ್ತು. ಬೀಸುವ ಕಲ್ಲು, ಒಳ್ಳು, ಒನಕೆ, ಸಾಗವಾನಿಯಲ್ಲದ ಆ ಮಣೆ, ತೊಟ್ಟಿಲು, ಎಲ್ಲವೂ ಹಿತ್ತಲಲ್ಲಿ ತಾಡಪ್ಪಾಲಿನ ಹೊದಿಕೆಯ ಕೆಳಗೆ. ಅವ್ವ ಒಬ್ಬಳೇ ಎಳೆದು ಹಾಕಿದ್ದಳು. ಅವಳ ಮೊಣಕೈ ತರಚಿತ್ತು. ನೆಲ ತೊಳೆದಿತ್ತು. ನನ್ನ ಮೇಜು, ಮಂಚ, ನನ್ನ ಟ್ರಂಕು ಒಳಗೆ ಬಂದಿದ್ದವು. ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಳು. ಊಟಕ್ಕೆ ಕರೆಯುವಾಗಲೂ ಗೋಡೆಗೆ ಹೇಳುತ್ತಿದ್ದಳು: “ಅನ್ನ ಆಗೈತಿ, ಯಾರರ ಉಣ್ಣಾವ್ರಿದ್ರ ಉಣ್ಲಿ.”

ಆ ಮೊದಲ ಹತ್ತು ದಿನ ನಾನು ಸುಖವಾಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಚಿಲಕ ಹಾಕಿದ ಸದ್ದು ಕೇಳಿದರೆ ಮೈಯೊಳಗೆ ಏನೋ ಸಡಿಲವಾಗುತ್ತಿತ್ತು. ಇಡೀ ವರ್ಷ ಆಗದಷ್ಟು ಓದಿದೆ. ಹೊರಗಿನಿಂದ ಅವ್ವನ ಮಾತು ಕೇಳುತ್ತಿತ್ತು, ನನಗೆ ಕೇಳಲಿ ಎಂದೇ ಆಡುತ್ತಿದ್ದಳು. ಬಂದವರಿಗೆಲ್ಲ ಅದೇ: “ನಮ್ಮಕಿ ಖೋಲಿ ಖಾಲಿ ಮಾಡ್ಸ್ಯಾಳ. ನನ್ನ ತವರಮನೀನೂ ಖಾಲಿ ಮಾಡ್ಯಾಳ. ಭಾಳ ಸ್ವಚ್ಛ ಹುಡುಗಿ.” ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದೆ. ಅವಳು ಕೆಟ್ಟವಳಾಗುವಷ್ಟು ನಾನೂ ಆಗಬಲ್ಲೆ ಎಂಬುದು ನನಗೆ ಆ ದಿನಗಳಲ್ಲಿ ಖಚಿತವಾಯಿತು.

ಲಗ್ನಪತ್ರಿಕೆ ಅಪ್ಪನ ಫೋನಿಗೆ ಬಂತು. ಫೋಟೋ. ಅದರ ಕೆಳಗೆ ಒಂದು ಅಕ್ಷರವೂ ಇರಲಿಲ್ಲ. ಅಕ್ಕನ ಮನೆಗೆ ತಂಗಿಯೇ ಬಂದು, ಕುಂಕುಮ ಹಚ್ಚಿ, ಉಡಿ ತುಂಬಿ ಕರೆಯಬೇಕು. ಬಾಗಿಲಾಚೆ ಅಪ್ಪ ಓದಿ ಹೇಳಿದ್ದು ಕೇಳಿಸಿತು. ಅವ್ವ, “ಇನ್ನೊಮ್ಮೆ ಓದ್ರಿ. ನಮ್ಮ ಹೆಸರು ಎಲ್ಲಿ ಐತಿ ನೋಡ್ರಿ,” ಎಂದಳು. ಅಪ್ಪ ಮತ್ತೆ ಓದಿದ. ಅವಳು ಮೂರನೆಯ ಸಲವೂ ಓದಿಸಿದಳು. ಬಂಧುಗಳ ಹೆಸರಿನ ಸಾಲಿನಲ್ಲಿ ನಮ್ಮದು ಇರಲಿಲ್ಲ.

ಅವ್ವನ ಸಂಕಟ ನೋಡಲಾರದೆ ಮಸ್ಕಿಗೆ ಹೋದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ನಿಜವಾಗಿರುವುದಿಲ್ಲ. ತಪ್ಪು ನನ್ನದಾಗಿತ್ತು. ತಪ್ಪಾದ ಉತ್ತರವನ್ನು ಹೊಡೆದುಹಾಕದೆ ಬಿಡುವುದು ನನ್ನಿಂದ ಆಗುವುದಿಲ್ಲ. ಮರುದಿನ ಬೆಳಿಗ್ಗೆ ಹಿತ್ತಲಿನ ತಾಡಪ್ಪಾಲು ಸರಿಸಿ ತೊಟ್ಟಿಲನ್ನು ಜೋಡಿಸಿದೆ. ಪಾಮನಕಲ್ಲೂರಿನ ಜೋಳದ ಚೀಲವನ್ನು ಎತ್ತಿ ಅದರಲ್ಲಿ ಮಲಗಿಸಿದೆ, ಪಕ್ಕದಲ್ಲಿ ಒಂದು ಬೆಲ್ಲದ ಉಂಡೆ. ಅವ್ವ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ತಡೆಯಲಿಲ್ಲ.

ಮಸ್ಕಿಯಲ್ಲಿ ನನ್ನ ಗೂಡ್ಸ್ ಆಟೋ ನಿಂತಾಗ ಚಿಗವ್ವ ಹೊಸ್ತಿಲಲ್ಲಿ ನಿಂತಳು, ಒಳಗೆ ಕರೆಯಲಿಲ್ಲ.

“ಯಾಕ ಬಂದಿ? ಇನ್ನೇನರ ಖಾಲಿ ಉಳದೈತೇನು ಕೊಡೂದು?”

“ತೊಟ್ಟಲಾ ತಂದೀನಿ.”

“ನಾ ಕೇಳಿದ್ನೇನು?”

“ಇಲ್ಲ. ಕಡಾಯಿ ಬೇಕಾಗಿತ್ತು, ಇಸ್ಕೊಂಡು ಹೋಗಾಕ ಬಂದೀನಿ.”

“ಯಾಕ, ಮತ್ತ ಕಲಾಯಿ ಹಾಕ್ಸಾಕೇನು?”

“ಲಗ್ನದ ಬುಂದೆ ಉಂಡಿ ಅವ್ವ ಮಾಡ್ಕೊಂಡು ಬರ್ತಾಳಂತ. ಅಷ್ಟು ದೊಡ್ಡ ಕಡಾಯಿ ನಮ್ಮನ್ಯಾಗ ಇಲ್ಲ.”

ಇದು ನಾನು ಹಾದಿಯಲ್ಲಿ ಕಟ್ಟಿದ ಸುಳ್ಳು. ಚಿಗವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಇದು ನಿಮ್ಮವ್ವ ಹೇಳಿದ್ದೋ, ನೀ ಹುಟ್ಟಿಸಿದ್ದೋ?”

“ಅವ್ವ ಹೇಳಿದ್ದು.”

“ಸುಳ್ಳು ಹೇಳಾಕ ಕಲ್ತೀ. ಇಷ್ಟು ವರ್ಷ ಓದಿದ್ದಕ್ಕ ಇದೊಂದರ ಬಂತು.” ಆಟೋದ ಬಳಿ ಹೋಗಿ, ತೊಟ್ಟಿಲೊಳಗಿನ ಚೀಲದ ಬಾಯಿ ಬಿಚ್ಚಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದಳು. “ಪಾಮನಕಲ್ಲೂರಿಂದು,” ಎಂದಳು ತನಗೇ. ಮತ್ತೆ ನನ್ನ ಕಡೆ ತಿರುಗಿದಾಗ ದನಿ ಮೊದಲಿನಂತೆಯೇ ಗಡುಸಾಗಿತ್ತು. “ಒಯ್ಯಿ. ಉಜ್ಜಬ್ಯಾಡ, ಬೆಳಗಬ್ಯಾಡ, ನಿನ್ನ ಕೈ ಹಚ್ಚಬ್ಯಾಡ ಅದಕ್ಕ. ನಾಳೆ ನಾ ಬರ್ತೀನಿ ಅಂತ ಹೇಳು ನಮ್ಮಕ್ಕಗ. ಕುಂಕುಮ ಹಚ್ಚಾಕ ಬರ್ತೀನಿ, ನಿನ್ನ ಮಾರಿ ನೋಡಾಕ ಅಲ್ಲ.”

ಕಡಾಯಿ ಅಂಗಳಕ್ಕೆ ಇಳಿದಾಗ ಅವ್ವ ಹೊರಗೆ ಬಂದಳು. ಅದರ ಅಂಚಿನ ಮೇಲೆ ಬೆರಳಾಡಿಸುತ್ತ ಒಂದು ಸುತ್ತು ಹಾಕಿದಳು. ಐದು ವಾರದ ನಂತರ ನನಗೆ ಆಡಿದ ಮೊದಲ ಮಾತು:

“ಅಂಚು ನೆಗ್ಗಿಸಿಲ್ಲಲ್ಲ?”

ಬುಂದೆಯ ವಿಷಯ ಹೇಳಿದೆ.

“ಎಷ್ಟು ಉಂಡಿ ಅಂದಿ?”

“ಎಷ್ಟಂತ ಹೇಳಿಲ್ಲ.”

“ಹೇಳದ ಬಂದಾಳ ನೋಡ್ರಿ,” ಎಂದು ಅಪ್ಪನಿಗೆ ಹೇಳಿ, ಎಣ್ಣೆ ಎಷ್ಟಿದೆ ನೋಡಲು ಒಳಗೆ ಹೋದಳು.

ಕಡಾಯಿ ತುಂಬಿ ಲಗ್ನಕ್ಕೆ ಹೋಯಿತು. ಲಗ್ನದ ಮರುದಿನ ನಮ್ಮ ಜೊತೆಯೇ ಮರಳಿ ಬಂತು. ಮುಂದೆ ಯಾವುದಕ್ಕೋ ಬೇಕಾಗುತ್ತದೆ ಎಂದು ಅವ್ವ ನೆವ ಹೇಳಿದಳಂತೆ, ಚಿಗವ್ವ ಯಾವುದಕ್ಕೆ ಎಂದು ಕೇಳಲಿಲ್ಲವಂತೆ. ಅಷ್ಟರಲ್ಲಿ ಮಳೆ ಹಿಡಿಯಿತು. ತಾಡಪ್ಪಾಲಿನ ಕೆಳಗೆ ಒನಕೆಗಳಿಗೆ ಬೂಷ್ಟು ಬಂದಿದೆ ಎಂದು ಒಂದು ದಿನ ಅವು ಖೋಲಿಗೆ ಬಂದವು. ಇನ್ನೊಂದು ದಿನ ಮಣೆ. ಬೀಸುವ ಕಲ್ಲು ಮಳೆಗೆ ಏನೂ ಆಗುವುದಿಲ್ಲ, ಅದೂ ಬಂತು. ನಾನು ಪ್ರತಿಸಲ ಬಾಗಿಲಲ್ಲಿ ಅಡ್ಡ ನಿಂತು ಜಗಳವಾಡಿದೆ. ಪ್ರತಿಸಲ ಅವ್ವ ಒಂದೇ ಮಾತು ಹೇಳಿದಳು: “ಕೊಡಾಕ ಹೋಗಿದ್ದ್ಯಲ್ಲ, ಆತಲ್ಲ?” ಆ ಮಾತನ್ನು ನಾನು ಅವಳಿಗೆ ಇನ್ನೂ ಕ್ಷಮಿಸಿಲ್ಲ.

ಮೇಜು, ಮಂಚ ಇನ್ನೂ ಒಳಗಿವೆ. ಅಷ್ಟು ಜಾಗ ಬಿಟ್ಟಿದ್ದಾಳೆ. ಕಡಾಯಿಗೆ ಮಾತ್ರ ಎಲ್ಲೂ ಎಡೆಯಾಗದೆ, ಬಾಗಿಲ ಹಿಂದೆ ನಿಂತಿದೆ. ಬಾಗಿಲು ಒಳಕ್ಕೆ ತೆರೆಯುತ್ತದೆ. ತೆರೆಯುವಾಗ ಬಾಗಿಲು ಬಡಿದು ಕಡಾಯಿ ಪ್ರತಿಸಲವೂ ಉರುಳಿ ಹೊಸ್ತಿಲಿಗೆ ಬರುತ್ತದೆ, ಮುಚ್ಚಲು ಹೋದರೆ ನಡುವೆ ಸಿಕ್ಕಿಕೊಳ್ಳುತ್ತದೆ. ನಾಲ್ಕು ಬೆರಳು ಸಂದು ಉಳಿಯುತ್ತದೆ. ಚಿಲಕ ಎಟುಕುವುದಿಲ್ಲ. ಇದನ್ನು ನಾನು ಬರೆಯುತ್ತಿರುವಾಗಲೂ ಆ ಸಂದಿನಿಂದ ಟೀವಿ ಕೇಳುತ್ತಿದೆ, ಅದರ ಮೇಲೆ ಅವ್ವನ ದನಿ, ಗೋಡೆಗೆ ಅಲ್ಲ, ನೇರ ನನಗೇ:

“ಏನಬೇ, ಎಷ್ಟೊತ್ತು ಬರೀತಿ? ಹೀರೇಕಾಯಿ ಕೊಯ್ಯಾಕ ಬಾ.”